ನಿರ್ವಹಣೆಯ ಕಾರ್ಯಗಳು ಐದೋ ಏಳೋ? ಒಂದು ಕುದುರೆಯ ಕಾಲು ಮುರಿದಲ್ಲಿಂದ ಹೇಳುತ್ತೇನೆ

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ನಿರ್ವಹಣೆಯ ಕಾರ್ಯಗಳು ಅಂದರೆ ಯೋಜನೆ, ಸಂಘಟನೆ, ಸಿಬ್ಬಂದಿ ನೇಮಕ, ನಿರ್ದೇಶನ, ನಿಯಂತ್ರಣ ಎಂದಿದೆ. ನಿರ್ವಹಣೆಯ ಬಗ್ಗೆ ಬರೆದ ಫ್ರೆಂಚ್ ಎಂಜಿನಿಯರ್ ಫಯೋಲ್ ಹೇಳಿದ ಐದು ಬೇರೆ. ನಿಮ್ಮ ಗೈಡಿನಲ್ಲಿ ಏಳು ಇವೆ. ಯಾವುದು ಸರಿ ಅನ್ನುವುದು ಒಂದು ಪ್ರಶ್ನೆ. ನೂರು ವರ್ಷದ ಹಿಂದಿನ ಟೇಲರ್, ಫಯೋಲ್ ಇವರನ್ನೆಲ್ಲ ಇವತ್ತು ಯಾಕೆ ಓದಬೇಕು ಅನ್ನುವುದು ಇನ್ನೊಂದು.

ನಾನು ಮೇಷ್ಟ್ರಲ್ಲ. ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಹನ್ನೊಂದು ವರ್ಷ ಲೈನ್ ಸೂಪರ್‌ವೈಸರ್ ಆಗಿದ್ದೆ. ಈ ಪಾಠಗಳನ್ನು ಓದಿದ್ದು ಕೆಲಸಕ್ಕೆ ಸೇರಿದ ಮೇಲೆ, ಅಂಚೆಯ ಮೂಲಕ ಬಿ.ಕಾಂ. ಮಾಡುವಾಗ. ಹಗಲು ಫ್ಲೋರ್‌ನಲ್ಲಿ ಕಂಡದ್ದೇ ರಾತ್ರಿ ಪುಸ್ತಕದಲ್ಲಿ ಸಿಗುತ್ತಿತ್ತು. ಹಾಗಾಗಿ ನಾನು ಕಂಡ ದಾರಿಯಲ್ಲೇ ಉತ್ತರ ಹೇಳುತ್ತೇನೆ.

ಹೆನ್ರಿ ಫಯೋಲ್ ಹುಟ್ಟಿದ್ದು 1841ರಲ್ಲಿ. ಗಣಿ ಎಂಜಿನಿಯರಿಂಗ್ ಓದಿ 1860ರಲ್ಲಿ, ಇನ್ನೂ ಹತ್ತೊಂಬತ್ತರ ವಯಸ್ಸಿಗೆ, ಫ್ರಾನ್ಸಿನ ಕಮಾಂತ್ರಿ ಎಂಬ ಊರಿನ ಕಲ್ಲಿದ್ದಲು ಗಣಿಗೆ ಸೇರಿದರು. ಮರುವರ್ಷ ಅವರು ಬರೆದಿಟ್ಟುಕೊಂಡ ಒಂದು ಘಟನೆ ಇದೆ. ಗಣಿಯ ಆರನೇ ಹಂತದಲ್ಲಿ ದುಡಿಯುತ್ತಿದ್ದ ಕುದುರೆಯ ಕಾಲು ಬೆಳಿಗ್ಗೆ ಮುರಿಯಿತು. ಬದಲಿ ಕುದುರೆ ಕೊಡಿ ಎಂದು ಫಯೋಲ್ ಚೀಟಿ ಬರೆದು ಕಳಿಸಿದರು. ಲಾಯದವನು ಕೊಡಲಿಲ್ಲ, ಯಾಕೆಂದರೆ ಚೀಟಿಯ ಮೇಲೆ ನಿರ್ದೇಶಕರ ಸಹಿ ಇರಲಿಲ್ಲ. ನಿರ್ದೇಶಕರು ಅಲ್ಲಿರಲಿಲ್ಲ, ಅವರು ಇಲ್ಲದಾಗ ಸಹಿ ಹಾಕುವವರು ಯಾರು ಎಂದು ಗೊತ್ತುಮಾಡಿಯೂ ಇರಲಿಲ್ಲ. ಎಷ್ಟು ಬೇಡಿಕೊಂಡರೂ ಲಾಯದವನು ಜಗ್ಗಲಿಲ್ಲ. ತನಗಿರುವ ಅಪ್ಪಣೆಯೇ ಹಾಗೆ ಅಂದ. ಆ ದಿನ ಆರನೇ ಹಂತದ ಉತ್ಪಾದನೆ ಪೂರ್ತಿ ಹೋಯಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಕೆಲವೇ ತಿಂಗಳ ಹಿಂದೆ ನಮ್ಮ ಲೈನ್‌ನಲ್ಲಿ ಶರ್ಟಿಗೆ ಕಾಲರ್ ಕೂಡಿಸುವ ಮೆಷಿನ್ನಿನ ಮೋಟರ್ ಸುಟ್ಟುಹೋಗಿತ್ತು. ಸ್ಪೇರ್ ಮೆಷಿನ್ ಮೆಕ್ಯಾನಿಕ್ ರೂಮಿನಲ್ಲಿ, ಜಾಲರಿ ಬಾಗಿಲಿನ ಆಚೆ, ಕಣ್ಣಿಗೆ ಕಾಣುವ ಹಾಗೆ ನಿಂತಿತ್ತು. ಬೀಗದ ಕೈ ಇದ್ದದ್ದು ಮೇಂಟೆನೆನ್ಸ್ ಇನ್‌ಚಾರ್ಜ್ ಬಳಿ, ಅವರು ಹೋಗಿದ್ದದ್ದು ಇನ್ನೊಂದು ಯೂನಿಟ್‌ಗೆ. ಸ್ಟೋರ್ಸ್ ಹುಡುಗನ ಹತ್ತಿರ ಇನ್ನೊಂದು ಕೀ ಇತ್ತು. ಕೇಳಿದರೆ, "ಸಾರ್, ಅವರ ಸಹಿ ಇಲ್ದೆ ಕೊಟ್ರೆ ನನ್ನ ಕೆಲ್ಸ ಹೋಗುತ್ತೆ" ಅಂದ. ಕಾಲರ್ ಸೀಟಿನ ಹಿಂದೆ ಬಂಡಲ್‌ಗಳು ರಾಶಿ ಬಿದ್ದವು. ಮುಂದೆ ಸ್ಲೀವ್ ಕೂಡಿಸುವವರಿಗೆ ಕೆಲಸವೇ ಇಲ್ಲ. ಪ್ರೊಡಕ್ಷನ್ ಬೋರ್ಡಿನಲ್ಲಿ ಹನ್ನೊಂದರಿಂದ ಹನ್ನೆರಡರ ಮನೆಯಲ್ಲಿ ನನ್ನ ಕೈಯಾರೆ ಸೊನ್ನೆ ಬರೆದೆ. ಸಂಜೆ ಮ್ಯಾನೇಜರ್ ಬಂದು ಆಪರೇಟರ್‌ಗಳ ಮೇಲೆ ಕೂಗಾಡಿದರು, ಟಾರ್ಗೆಟ್ ಮುಗಿಸಿ ಎಂದು ಹೆಚ್ಚು ಹೊತ್ತು ಕೂರಿಸಿದರು. ಆ ಹೆಣ್ಣುಮಕ್ಕಳ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಈಗ ಫಯೋಲ್ ಅವರ ಐದು ಕಾರ್ಯಗಳನ್ನು ಈ ಘಟನೆಯ ಮೇಲಿಟ್ಟು ನೋಡಿ. 1916ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಇವು ನಾಮಪದಗಳಾಗಿಲ್ಲ, ಕ್ರಿಯಾಪದಗಳಾಗಿವೆ. ಮೊದಲನೆಯದರ ನೇರ ಅರ್ಥ ಮುಂದಾಗುವುದನ್ನು ಕಾಣುವುದು. ಕುದುರೆಯ ಕಾಲು ಮುರಿಯಬಹುದು, ಮೋಟರ್ ಸುಡಬಹುದು, ಆಗ ಏನು ಮಾಡುವುದು ಎಂದು ಮೊದಲೇ ಯೋಚಿಸಿಡಬೇಕು. ಎರಡನೆಯದು ಸಂಘಟಿಸುವುದು. ಯಜಮಾನ ಇಲ್ಲದಾಗ ಅಧಿಕಾರ ಯಾರದ್ದು ಎಂದು ಗೊತ್ತುಮಾಡುವುದು ಇದರಲ್ಲಿ ಸೇರುತ್ತದೆ. ಮೂರನೆಯದು ಆಜ್ಞೆ ಕೊಟ್ಟು ಕೆಲಸ ನಡೆಸುವುದು. ನಾಲ್ಕನೆಯದು ಸಮನ್ವಯ, ಅಂದರೆ ಮೇಂಟೆನೆನ್ಸ್, ಸ್ಟೋರ್ಸ್, ಲೈನ್ ಮೂರೂ ಒಂದೇ ಶರ್ಟಿಗಾಗಿ ದುಡಿಯುವ ಹಾಗೆ ನೋಡಿಕೊಳ್ಳುವುದು. ಐದನೆಯದನ್ನು ನಾವು ನಿಯಂತ್ರಣ ಅನ್ನುತ್ತೇವೆ. ಆ ಕನ್ನಡ ಪದ ಕೇಳಿದರೆ ಲಗಾಮು ಹಿಡಿದು ಜಗ್ಗುವ ಚಿತ್ರ ಬರುತ್ತದೆ. ಫ್ರೆಂಚ್ ಪದಕ್ಕೆ ಹತ್ತಿರವಾದದ್ದು ತಾಳೆ ನೋಡುವುದು. ಅಂದುಕೊಂಡದ್ದಕ್ಕೂ ಆದದ್ದಕ್ಕೂ ತಾಳೆ ಇದೆಯೇ? ಇಲ್ಲದಿದ್ದರೆ ಎಲ್ಲಿ ತಪ್ಪಿತು? ನಮ್ಮ ಮ್ಯಾನೇಜರ್ ಆ ಸಂಜೆ ಮಾಡಿದ್ದು ನಿಯಂತ್ರಣ ಅಲ್ಲವೇ ಅಲ್ಲ. ಸೊನ್ನೆ ಯಾಕೆ ಬಂತು ಎಂದು ಅವರು ಕೇಳಲೇ ಇಲ್ಲ.

ನಿಮ್ಮ ಪಠ್ಯದಲ್ಲಿ ಫಯೋಲ್ ಅವರ ಹದಿನಾಲ್ಕು ತತ್ವಗಳ ನಡುವೆ ಗ್ಯಾಂಗ್ ಪ್ಲ್ಯಾಂಕ್ ಎಂಬ ಚಿತ್ರ ಬರುತ್ತದಲ್ಲ, ಒಂದು ಏಣಿಯಲ್ಲಿರುವವನು ಪಕ್ಕದ ಏಣಿಯವನ ಜೊತೆ ನೇರ ಮಾತಾಡುವ ಅಡ್ಡಹಲಗೆ? ಎಲ್ಲರೂ ಅದನ್ನು ಎರಡು ಅಂಕಕ್ಕೆ ಓದಿ ಬಿಡುತ್ತಾರೆ. ನನಗೆ ಇಡೀ ಪುಸ್ತಕದಲ್ಲಿ ಅತಿ ಬೆಲೆಬಾಳುವ ಪುಟ ಅದು. ಅದನ್ನೇ ಇಟ್ಟುಕೊಂಡು ನಾನು ಫ್ಲೋರ್ ಮೀಟಿಂಗಿನಲ್ಲಿ ಒಂದು ಮಾತು ಕೇಳಿದೆ: ಸ್ಪೇರ್ ಮೆಷಿನ್ ರೂಮಿನ ಒಂದು ಕೀ ಸೂಪರ್‌ವೈಸರ್ ಟೇಬಲ್ಲಿನಲ್ಲಿರಲಿ, ತೆಗೆದವರು ರಿಜಿಸ್ಟರ್‌ನಲ್ಲಿ ಸಮಯ ಬರೆದು ಸಹಿ ಹಾಕಲಿ, ಇನ್‌ಚಾರ್ಜ್ ಬಂದ ಮೇಲೆ ನೋಡಲಿ. ಒಪ್ಪುವುದಕ್ಕೆ ಎರಡು ವಾರ ಹಿಡಿಯಿತು. ಆಮೇಲೆ ನಮ್ಮ ಲೈನ್ ಆ ಕಾರಣಕ್ಕೆ ನಿಲ್ಲಲಿಲ್ಲ.

ಇನ್ನು ಐದೋ ಏಳೋ ಎಂಬ ಲೆಕ್ಕ. ಫಯೋಲ್ ಅವರ ಐದರಲ್ಲಿ ಸಿಬ್ಬಂದಿ ನೇಮಕ ಪ್ರತ್ಯೇಕವಾಗಿ ಇಲ್ಲ. ಅದು ಅವರಿಗೆ ಸಂಘಟನೆಯ ಒಳಗಿನ ವಿಷಯ. 1937ರಲ್ಲಿ ಅಮೆರಿಕದ ಲೂಥರ್ ಗುಲಿಕ್ ಫಯೋಲ್ ಅವರ ಪಟ್ಟಿಯನ್ನೇ ಬೆಳೆಸಿ ಏಳು ಮಾಡಿದರು: ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ, ಸಮನ್ವಯ, ವರದಿ, ಆಯವ್ಯಯ. ಇವುಗಳ ಇಂಗ್ಲಿಷ್ ಮೊದಲಕ್ಷರ ಜೋಡಿಸಿದ್ದೇ ಪೋಸ್ಡ್‌ಕಾರ್ಬ್. ಗುಲಿಕ್ ಆಗ ಅಧ್ಯಕ್ಷ ರೂಸ್‌ವೆಲ್ಟ್ ಅವರ ಆಡಳಿತ ಸುಧಾರಣಾ ಸಮಿತಿಯಲ್ಲಿದ್ದರು. ಸರ್ಕಾರದ ಮುಖ್ಯಸ್ಥ ದಿನವಿಡೀ ಏನು ಮಾಡುತ್ತಾನೆ ಎಂಬುದು ಅವರ ಪ್ರಶ್ನೆ. ವರದಿ ಮತ್ತು ಬಜೆಟ್ ಇಲ್ಲದೆ ಸರ್ಕಾರಿ ಕಚೇರಿ ಒಂದು ದಿನವೂ ನಡೆಯುವುದಿಲ್ಲವಲ್ಲ, ಅದಕ್ಕೇ ಅವೆರಡೂ ಪಟ್ಟಿಗೆ ಬಂದವು. 1955ರಲ್ಲಿ ಕೂಂಟ್ಜ್ ಮತ್ತು ಓ'ಡೊನೆಲ್ ತಮ್ಮ ಪಠ್ಯಪುಸ್ತಕದಲ್ಲಿ ಮತ್ತೆ ಐದಕ್ಕೆ ಇಳಿಸಿದರು. ಸಮನ್ವಯವನ್ನು ಪಟ್ಟಿಯಿಂದ ತೆಗೆದು, ಅದು ಐದರಲ್ಲೂ ಹರಿಯುವ ಸಾರ ಅಂದರು. ನಿಮ್ಮ ಪಿಯುಸಿ ಪುಸ್ತಕದ ಪಟ್ಟಿ ಈ ದಾರಿಯಲ್ಲಿ ಬಂದದ್ದು. ಮೂರೂ ಸರಿ. ಮೂವರೂ ನಿಂತ ಜಾಗ ಬೇರೆ: ಗಣಿ, ಸರ್ಕಾರ, ತರಗತಿ.

ಟೇಲರ್ ನಿಂತ ಜಾಗ ಇನ್ನೂ ಬೇರೆ. ಫಯೋಲ್ 1888ರಿಂದ 1918ರವರೆಗೆ ಕಂಪನಿಯ ಮುಖ್ಯಸ್ಥರಾಗಿ ಮೇಲಿನಿಂದ ನೋಡಿದವರು. ಫ್ರೆಡರಿಕ್ ಟೇಲರ್ 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಕೂಲಿಯಾಗಿ ಸೇರಿ ಮೇಲೆ ಬಂದವರು. ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಾರೆ ಎಂದು ಅವರಿಗೆ ಒಳಗಿನಿಂದ ಗೊತ್ತಿತ್ತು. ಮುಂದೆ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಅವರು ಮಾಡಿಸಿದ ಪ್ರಯೋಗ ನಿಮ್ಮ ಪುಸ್ತಕದಲ್ಲೂ ಇರಬಹುದು. 92 ಪೌಂಡಿನ, ಅಂದರೆ ಸುಮಾರು 42 ಕಿಲೋದ ಬೀಡುಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ವ್ಯಾಗನ್ನಿಗೆ ಹಾಕಬೇಕು. ಒಬ್ಬೊಬ್ಬ ದಿನಕ್ಕೆ 12.5 ಟನ್ ಹಾಕುತ್ತಿದ್ದ. ಟೇಲರ್ ಹೇಳಿದಂತೆ ಮಾಡಿದವನು 47.5 ಟನ್ ಹಾಕಿದ. ಕೂಲಿ 1.15 ಡಾಲರ್‌ನಿಂದ 1.85ಕ್ಕೆ ಏರಿತು. ಕೆಲಸ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಆ ಲೆಕ್ಕವನ್ನು ಒಮ್ಮೆ ನಿಧಾನವಾಗಿ ನೋಡಿ. ಹಳೆಯ ದಾಖಲೆ ತೆಗೆದು ನೋಡಿದ ಸಂಶೋಧಕರು, ಟೇಲರ್ ಈ ಕಥೆಗೆ ಸಾಕಷ್ಟು ಬಣ್ಣ ಕಟ್ಟಿದ್ದಾರೆ ಎಂದೂ ತೋರಿಸಿದ್ದಾರೆ.

ಆದರೆ ಅದೇ ಟೇಲರ್ ಇನ್ನೊಂದು ಮಾತು ಬರೆದಿದ್ದಾರೆ, ಅದನ್ನು ಯಾರೂ ಹೇಳುವುದಿಲ್ಲ. ಅಷ್ಟು ಭಾರದ ಗಟ್ಟಿ ಹೊರುವವನ ಮೈಮೇಲೆ ದಿನದ ನೂರಕ್ಕೆ 43 ಪಾಲು ಸಮಯ ಮಾತ್ರ ಹೊರೆ ಇರಬಹುದು, ಉಳಿದ 57 ಪಾಲು ಹೊರೆ ಇರಲೇಬಾರದು ಎಂದು. ಗಾರ್ಮೆಂಟ್ಸ್‌ನಲ್ಲಿ ಐಇ, ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಡಿಪಾರ್ಟ್‌ಮೆಂಟಿನ ಹುಡುಗರು ಸ್ಟಾಪ್‌ವಾಚ್ ಹಿಡಿದು ಬರುತ್ತಾರೆ. ಪಾಕೆಟ್ ಕೂಡಿಸಲು ಇಷ್ಟು ನಿಮಿಷ, ಹಾಗಾದರೆ ಗಂಟೆಗೆ ಇಷ್ಟು ಪೀಸ್ ಎಂದು ಎಸ್‌ಎಎಂ, ಅಂದರೆ ಒಂದು ಕೆಲಸಕ್ಕೆ ಗೊತ್ತುಮಾಡಿದ ನಿಮಿಷದ ಲೆಕ್ಕ, ಹಾಕುತ್ತಾರೆ. ಆ ವಾಚು ಟೇಲರ್ ಅವರದ್ದೇ. ಶೇಕಡಾ 57 ಮಾತ್ರ ನಮ್ಮ ಫ್ಲೋರ್‌ವರೆಗೆ ಬರಲಿಲ್ಲ. ಶೌಚಕ್ಕೆ ಎದ್ದರೆ ಬಂಡಲ್ ನಿಲ್ಲುತ್ತದೆ ಎಂದು ಮಧ್ಯಾಹ್ನದವರೆಗೆ ನೀರೇ ಕುಡಿಯದ ಅಕ್ಕಂದಿರನ್ನು ನಾನು ದಿನವೂ ನೋಡಿದ್ದೇನೆ. ಹಾಗೆ ನೋಡಿದರೆ ಅಮೆರಿಕದಲ್ಲೇ ವಾಚಿನ ವಿರುದ್ಧ ಜನ ಎದ್ದಿದ್ದರು. 1911ರಲ್ಲಿ, ಟೇಲರ್ ಅವರ ಪ್ರಸಿದ್ಧ ಗ್ರಂಥ ಬಂದ ವರ್ಷವೇ, ವಾಟರ್‌ಟೌನ್ ಸರ್ಕಾರಿ ಶಸ್ತ್ರಾಗಾರದ ಎರಕದ ಕೆಲಸಗಾರರು ಮುಷ್ಕರ ಹೂಡಿದರು. ಟೇಲರ್ ಸಂಸತ್ತಿನ ಸಮಿತಿಯ ಮುಂದೆ ಬಂದು ಉತ್ತರ ಕೊಡಬೇಕಾಯಿತು.

ಕೆಲಸಗಾರರು ಯಾಕೆ ನಿಧಾನ ಮಾಡುತ್ತಾರೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಶಿಕಾಗೊ ಪಕ್ಕದ ಹಾಥಾರ್ನ್ ಕಾರ್ಖಾನೆಯಲ್ಲಿ, 1924ರಿಂದ 1932ರವರೆಗೆ ನಡೆದ ಅಧ್ಯಯನಗಳಲ್ಲಿ. ಈ ಅಧ್ಯಯನಗಳೊಂದಿಗೆ ಸೇರಿಕೊಂಡಿರುವ ಎಲ್ಟನ್ ಮೇಯೋ ಹೆಸರು ಬಂದಾಗ ಎಲ್ಲರೂ ಬೆಳಕು ಹೆಚ್ಚುಕಡಿಮೆ ಮಾಡಿ ಕೆಲಸ ಅಳೆದ ದೀಪದ ಪ್ರಯೋಗ ಹೇಳುತ್ತಾರೆ. ನೀವು ಕೊನೆಯ ಅಧ್ಯಯನ ಓದಿ. ಟೆಲಿಫೋನ್ ಉಪಕರಣಕ್ಕೆ ತಂತಿ ಕೂಡಿಸುವ 14 ಗಂಡಸರನ್ನು ಒಂದು ಕೋಣೆಯಲ್ಲಿ ತಿಂಗಳುಗಟ್ಟಲೆ ಗಮನಿಸಿದರು. ಹೆಚ್ಚು ಮಾಡಿದರೆ ಹೆಚ್ಚು ಕೂಲಿ ಸಿಗುವ ಪದ್ಧತಿ ಇತ್ತು. ಆದರೂ ದಿನಕ್ಕೆ ಇಷ್ಟೇ ಎಂದು ಅವರವರೇ ಗೆರೆ ಹಾಕಿಕೊಂಡಿದ್ದರು, ಮೀರಿ ವೇಗವಾಗಿ ಮಾಡಿದವನ ತೋಳಿಗೆ ಜೊತೆಯವರೇ ಗುದ್ದುತ್ತಿದ್ದರು. ಹೆಚ್ಚು ಮಾಡಿ ತೋರಿಸಿದರೆ ನಾಳೆ ಅದೇ ಎಲ್ಲರಿಗೂ ಕಟ್ಟಳೆಯಾಗುತ್ತದೆ, ಕೆಲವರ ಕೆಲಸವೂ ಹೋಗುತ್ತದೆ ಎಂಬ ಭಯ.

ನಮ್ಮ ಲೈನ್‌ನಲ್ಲಿ ಕಫ್ ಹೊಲಿಯುತ್ತಿದ್ದ ಒಬ್ಬ ಹಿರಿಯ ಅಕ್ಕ, ವಾಚು ಬಂದ ಕೂಡಲೇ ದಾರ ಕತ್ತರಿಸಲು ಕತ್ತರಿ ಹುಡುಕುವವರು. ಉಳಿದ ಹೊತ್ತು ಕತ್ತರಿ ಅವರ ಕೈಬೆರಳಲ್ಲೇ ಇರುತ್ತಿತ್ತು. ಒಂದು ದಿನ ಊಟದ ಹೊತ್ತಲ್ಲಿ ಕೇಳಿದೆ. "ಸಾರ್, ಇವತ್ತು ಓಡಿಸಿ ತೋರಿಸಿದ್ರೆ ನಾಳೆಯಿಂದ ಅದೇ ಟಾರ್ಗೆಟ್ ಅಲ್ವಾ? ನಾನೇನೋ ಮಾಡ್ತೀನಿ, ಹೊಸ ಹುಡುಗೀರ ಗತಿ ಏನು?" ಅಂದರು. ಟೇಲರ್ ಇದನ್ನು ಕಳ್ಳತನ ಅನ್ನುತ್ತಿದ್ದರೇನೋ. ನನಗೆ ಅದು ನ್ಯಾಯವಾಗಿಯೇ ಕಂಡಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮಾಸ್ಲೋ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲಾಗಿ ಜೋಡಿಸಿದರು. ಡ್ರಕರ್ 1954ರಲ್ಲಿ ಗುರಿಗಳನ್ನು ಒಟ್ಟಿಗೆ ಕೂತು ಗೊತ್ತುಮಾಡಿ ಅಂದರು. ಮ್ಯಾಕ್‌ಗ್ರೆಗರ್ 1960ರಲ್ಲಿ ಎಕ್ಸ್ ಮತ್ತು ವೈ ಸಿದ್ಧಾಂತ ಕೊಟ್ಟರು: ಕೆಲಸಗಾರ ಸೋಮಾರಿ ಅನ್ನುವ ನಂಬಿಕೆ ಎಕ್ಸ್, ಅವನು ತಾನಾಗೇ ದುಡಿಯಬಲ್ಲ ಅನ್ನುವ ನಂಬಿಕೆ ವೈ. ಇಂಗ್ಲೆಂಡಿನ ಜೋನ್ ವುಡ್‌ವರ್ಡ್ ಸುಮಾರು ನೂರು ಕಾರ್ಖಾನೆಗಳನ್ನು ನೋಡಿ, ಎಲ್ಲರಿಗೂ ಒಪ್ಪುವ ಒಂದೇ ಸಂಘಟನೆ ಇಲ್ಲ, ಅದು ಉತ್ಪಾದನೆಯ ಬಗೆಯ ಮೇಲೆ ನಿಂತಿದೆ ಎಂದು ತೋರಿಸಿದರು. ಆದರೆ ಇವರೆಲ್ಲರಿಗಿಂತ ಮೊದಲು ಬರೆದ ಮೇರಿ ಪಾರ್ಕರ್ ಫಾಲೆಟ್ (1868–1933) ಅವರನ್ನು ಮಾತ್ರ ದಾಟಿ ಹೋಗಬೇಡಿ. ಆಜ್ಞೆ ಒಬ್ಬ ವ್ಯಕ್ತಿಯಿಂದ ಬರಬಾರದು, ಸಂದರ್ಭದಿಂದಲೇ ಬರಬೇಕು ಎಂಬುದು ಅವರ ವಾದ. ಕುದುರೆಯ ಕಾಲು ಮುರಿದದ್ದೇ ಅಪ್ಪಣೆ, ಅದಕ್ಕೆ ಮತ್ತೆ ಸಹಿ ಯಾಕೆ ಎಂದು ಅವರು ಲಾಯದವನಿಗೆ ಹೇಳುತ್ತಿದ್ದರು ಅನ್ನಿಸುತ್ತದೆ.

ಪರೀಕ್ಷೆಗೆ ಒಂದು ಮಾತು. "ನಿರ್ವಹಣೆಯ ಕಾರ್ಯಗಳನ್ನು ವಿವರಿಸಿ" ಎಂದು ಬಂದರೆ ಪಠ್ಯದ ಐದನ್ನೇ ಬರೆಯಿರಿ, ಕೊನೆಯಲ್ಲಿ ಸಮನ್ವಯ ಇವೆಲ್ಲದರ ಸಾರ ಎಂದು ಸೇರಿಸಿ. ಏಳನ್ನು ಬರೆಯುವುದಾದರೆ ಗುಲಿಕ್ ಹೆಸರು, 1937 ಎಂಬ ವರ್ಷ ಹಾಕಿ. ಫಯೋಲ್ ಹೆಸರು ಹಾಕಿದ ಕಡೆ ಆಜ್ಞೆ, ಸಮನ್ವಯ ಎರಡೂ ಇರಲಿ, ಸಿಬ್ಬಂದಿ ನೇಮಕ ಬೇಡ. ಗೈಡುಗಳಲ್ಲಿ ಅತಿ ಹೆಚ್ಚು ತಪ್ಪಾಗಿರುವುದು ಅಲ್ಲೇ.