ಬಚ್ಚಲೊಲೆಯ ಕೆಂಡ ಮತ್ತು ಕೈಗಾದ ತಂತಿ

ಆತ್ಮೀಯರೆ, ನಮಸ್ಕಾರ.

ನರಕೋಶಗಳ ವಿದ್ಯುತ್ ಸಂಕೇತಗಳನ್ನು ಕುರಿತು ನೀವು ಕುಮಟಾದಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಸಕ್ಕರೆ ಕಾಯಿಲೆಯಿಂದ ಪಾದದ ಅರಿವು ಕಳೆದುಕೊಂಡಿದ್ದ ನಿಮ್ಮ ಅಜ್ಜಿ ಬಚ್ಚಲೊಲೆಯಿಂದ ಉರುಳಿ ಬಿದ್ದ ಕೆಂಡವನ್ನು ತುಳಿದು, ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲಷ್ಟೇ ಕಾಲು ತೆಗೆದ ಆರಂಭ ಮನಸ್ಸಿಗೆ ತಟ್ಟಿತು. ಭಾಷೆ ಶುದ್ಧವಾಗಿದೆ, ವಿಷಯ ನಮ್ಮ ಪತ್ರಿಕೆಗೆ ಬೇಕಾದದ್ದೇ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಎರಡನೆಯ ಪುಟದ ಮೂರು ವಾಕ್ಯಗಳು ನನ್ನನ್ನು ನಿಜವಾಗಿಯೂ ಕೆರಳಿಸಿದವು. ಉಳಿದದ್ದನ್ನು ಬಿಟ್ಟು ಅವುಗಳ ಬಗ್ಗೆಯೇ ಬರೆಯುತ್ತೇನೆ.

ಮೊದಲ ವಾಕ್ಯ: ‘ಕೈಗಾದಲ್ಲಿ ತಯಾರಾದ ಕರೆಂಟು ತಂತಿಯಲ್ಲಿ ಹರಿದು ನಮ್ಮ ಮನೆಯ ದೀಪ ಬೆಳಗಿಸುವಂತೆ, ಪಾದದಲ್ಲಿ ಹುಟ್ಟಿದ ವಿದ್ಯುತ್ತು ಬೆಳಕಿನ ವೇಗದಲ್ಲಿ ನರದಲ್ಲಿ ಹರಿದು ಮೆದುಳನ್ನು ಸೇರುತ್ತದೆ.’

ಈ ಜಿಲ್ಲೆಯವರಿಗೆ ಕರೆಂಟು ಎಂದೊಡನೆ ಕೈಗಾ ನೆನಪಾಗುವುದು ಸಹಜ. ಆದರೆ ‘ಬೆಳಕಿನ ವೇಗ’ ಎಲ್ಲಿಂದ ಬಂತು? ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1850ರಲ್ಲೇ ಕಪ್ಪೆಯ ನರದಲ್ಲಿ ಸಂಕೇತದ ವೇಗವನ್ನು ಅಳೆದು, ಅದು ಸೆಕೆಂಡಿಗೆ 27 ಮೀಟರಿನ ಆಸುಪಾಸಿನಲ್ಲಿದೆ ಎಂದು ತೋರಿಸಿದ್ದರು. ನಮ್ಮ ದೇಹದ ಅತಿ ವೇಗದ ನರತಂತುಗಳಲ್ಲಿಯೂ ಅದು ಸೆಕೆಂಡಿಗೆ ಸುಮಾರು 120 ಮೀಟರ್ ಮಾತ್ರ. ಉರಿಯ ಸುದ್ದಿಯನ್ನು ಒಯ್ಯುವ, ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿಲ್ಲದ ಸಪೂರ ತಂತುಗಳಲ್ಲಂತೂ ಅರ್ಧದಿಂದ ಎರಡು ಮೀಟರ್. ಕೆಂಡ ತುಳಿದವರಿಗೆ ಮೊದಲು ಚುರುಕ್ಕೆಂದು, ತುಸು ಹೊತ್ತು ಬಿಟ್ಟು ಉರಿ ಏರುತ್ತದೆ. ಚುರುಕ್ಕೆಂದದ್ದು ತೆಳುವಾದ ಮಯಲಿನ್ ಹೊದ್ದ ತಂತುಗಳಲ್ಲಿ ಬೇಗ ಬಂದ ಸುದ್ದಿ; ಉರಿ ಸಪೂರ ತಂತುಗಳಲ್ಲಿ ನಿಧಾನವಾಗಿ ಬಂದದ್ದು. ಪಾದದಿಂದ ಬೆನ್ನುಹುರಿಗೆ ಹೆಚ್ಚುಕಡಿಮೆ ಒಂದು ಮೀಟರ್ ದೂರ ಎಂದುಕೊಂಡರೆ, ಆ ಎರಡನೆಯ ಸುದ್ದಿಗೆ ಒಂದು ಸೆಕೆಂಡಿನಷ್ಟು ಹಿಡಿಯುತ್ತದೆ. ಓದುಗರ ಕಾಲಿಗೆ ಆಗಲೇ ಗೊತ್ತಿರುವ ಸತ್ಯವಿದು. ಕೆಂಡವನ್ನು ಎದುರಿಗೇ ಇಟ್ಟುಕೊಂಡು ನೀವು ಇದನ್ನು ಬಿಟ್ಟುಬಿಟ್ಟಿರಿ.

ವೇಗಕ್ಕಿಂತ ‘ಹರಿದು’ ಎಂಬ ಮಾತು ನನ್ನನ್ನು ಹೆಚ್ಚು ಕಾಡಿತು. ನರದಲ್ಲಿ ಸಂಕೇತವನ್ನು ಹೊತ್ತು ಪಾದದಿಂದ ಬೆನ್ನುಹುರಿಯವರೆಗೆ ಹರಿದು ಬರುವ ವಸ್ತು ಯಾವುದೂ ಇಲ್ಲ. ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ನರತಂತುವಿನ ಪೊರೆಯನ್ನು ಅಡ್ಡಲಾಗಿ ದಾಟುತ್ತವೆ, ಮತ್ತು ಸಂಕೇತವು ದಾರಿಯುದ್ದಕ್ಕೂ ಹೊಸದಾಗಿ ಹುಟ್ಟುತ್ತಾ ಹೋಗುತ್ತದೆ. ಹಾಗಾಗಿಯೇ ಅದು ಬೆರಳ ತುದಿಯಲ್ಲಿ ಎಷ್ಟು ಪ್ರಬಲವೋ ಬೆನ್ನುಹುರಿಯ ಬಳಿಯೂ ಅಷ್ಟೇ ಪ್ರಬಲವಾಗಿರುತ್ತದೆ. ಹೋಲಿಕೆ ಬೇಕಿದ್ದರೆ ನಿಮ್ಮ ಅಘನಾಶಿನಿ ನದಿಯ ಗಜನಿಯನ್ನು, ಅಂದರೆ ಉಬ್ಬರದ ನೀರಿನ ಅಂಚಿಗೆ ಕಟ್ಟೆ ಹಾಕಿ ಮಾಡಿದ ಗದ್ದೆಯನ್ನು, ನೋಡಬಹುದಿತ್ತು. ಕಟ್ಟೆಯ ಹೊರಗೆ ಉಬ್ಬರದ ಉಪ್ಪುನೀರು, ಒಳಗೆ ಉಪ್ಪು ತಾಳುವ ಕಗ್ಗ ಭತ್ತದ ಗದ್ದೆ, ನಡುವೆ ಹಲಗೆಯ ತೂಬು. ಒಂದು ತೂಬಿನಿಂದ ನುಗ್ಗಿದ ನೀರೇ ಪಕ್ಕದ ತೂಬಿನ ಹಲಗೆಯನ್ನು ಎತ್ತುವಂತಿದ್ದರೆ, ಮತ್ತು ಪ್ರತಿಯೊಂದು ಹಲಗೆಯೂ ಎತ್ತಿದ ಕೂಡಲೇ ತಾನಾಗಿ ಬಿದ್ದು ಸ್ವಲ್ಪ ಹೊತ್ತು ಮೇಲೇಳದಿದ್ದರೆ, ಕಟ್ಟೆಯ ಉದ್ದಕ್ಕೂ ಒಂದು ಅಲೆ ಒಂದೇ ದಿಕ್ಕಿಗೆ ಸಾಗುತ್ತದೆ. ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ಗಳಷ್ಟು ಋಣವಾಗಿರುತ್ತದೆ. ಅದು ಋಣ 55ರ ಆಸುಪಾಸಿಗೆ ಬಂದೊಡನೆ ಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳು ತೆರೆಯುತ್ತವೆ, ಸೋಡಿಯಂ ಒಳನುಗ್ಗುತ್ತದೆ, ಒಳಭಾಗ ಧನ 30ರವರೆಗೆ ಏರುತ್ತದೆ, ಮಿಲಿಸೆಕೆಂಡಿನೊಳಗೆ ಆ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಗಜನಿಯ ಹೋಲಿಕೆ ಎಲ್ಲಿಗೆ ನಿಲ್ಲುತ್ತದೆಂದೂ ಓದುಗರಿಗೆ ಹೇಳಬೇಕು: ನೀರನ್ನು ಒಳಗೆಳೆಯಲು ತಗ್ಗು ಸಾಕು, ಸೋಡಿಯಂ ಅಯಾನನ್ನು ಸಾಂದ್ರತೆಯ ಅಂತರದ ಜೊತೆಗೆ ಒಳಗಿನ ಋಣ ವಿದ್ಯುತ್ತೂ ಸೆಳೆಯುತ್ತದೆ.

ಎರಡನೆಯ ವಾಕ್ಯ: ‘ತದನಂತರ ವಿಭವಾಂತರದಲ್ಲಿ ಬದಲಾವಣೆ ಉಂಟಾಗಿ ಪಂಪಿನ ಮೂಲಕ ಪೂರ್ವಸ್ಥಿತಿಯು ಸ್ಥಾಪಿಸಲ್ಪಡುತ್ತದೆ.’

ಶಿರಸಿಯ ಒಂದು ವಾರಪತ್ರಿಕೆಯಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದು, ‘ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸಲ್ಪಡುತ್ತದೆ’ ಎಂದಿದ್ದೆ. ಹಿರಿಯ ಸಂಪಾದಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ‘ಮರ ಹತ್ತಿದ್ದು ಯಾರು?’ ಎಂದು ಕೇಳಿದರು. ಕೊನೆಗೌಡ ಎಂದೆ. ‘ಮತ್ತೆ ಅವನೆಲ್ಲಿ? ಜಾರುವ ಮರದ ತುದಿಯಲ್ಲಿ ಜೀವ ಕೈಯಲ್ಲಿ ಹಿಡಿದು ಮದ್ದು ಹೊಡೆಯುವವನನ್ನು ನೀನು ವಾಕ್ಯದಿಂದಲೇ ಕೆಳಗಿಳಿಸಿದ್ದೀಯ’ ಎಂದರು. ಅಂದು ಸಂಜೆ ಕೂತು ಇಡೀ ಲೇಖನವನ್ನು ಮತ್ತೆ ಬರೆದೆ. ಕೊನೆಗೌಡನನ್ನು ಸೇರಿಸಿದ ಮೇಲೆ ಅವನು ಎಷ್ಟು ದಿನಕ್ಕೊಮ್ಮೆ ಹತ್ತುತ್ತಾನೆ, ಮಳೆ ಬಿಡದಿದ್ದರೆ ಏನು ಮಾಡುತ್ತಾನೆ ಎಂಬುದು ನನಗೆ ತಿಳಿಯದೆಂದು ಗೊತ್ತಾಯಿತು. ಮರುದಿನ ತೋಟಕ್ಕೆ ಹೋಗಿ ಕೇಳಿಕೊಂಡು ಬಂದೆ.

ನಿಮ್ಮ ವಾಕ್ಯದಲ್ಲಿಯೂ ‘ಉಂಟಾಗಿ’, ‘ಸ್ಥಾಪಿಸಲ್ಪಡುತ್ತದೆ’ ಎಂಬ ಮಾತುಗಳ ಹಿಂದೆ ತಿಳಿಯದ ಸಂಗತಿಯೊಂದು ಅಡಗಿದೆ. ಏರಿದ ವಿಭವವನ್ನು (ಒಳಭಾಗದ ವೋಲ್ಟೇಜನ್ನು) ಇಳಿಸುವವರು ಯಾರು ಎಂದು ಕೇಳಿಕೊಂಡಿದ್ದರೆ ಪಂಪಿನ ಹೆಸರು ಬರೆಯುತ್ತಿರಲಿಲ್ಲ. ಸೋಡಿಯಂ ಬಾಗಿಲು ಮುಚ್ಚುವ ಹೊತ್ತಿಗೆ ಪೊಟ್ಯಾಸಿಯಂ ಬಾಗಿಲುಗಳು ತೆರೆದಿರುತ್ತವೆ; ಹೊರಗೆ ಹೋಗುವ ಪೊಟ್ಯಾಸಿಯಮ್ಮೇ ಒಳಭಾಗವನ್ನು ಮತ್ತೆ ಋಣಕ್ಕೆ ತರುತ್ತದೆ. ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುವ ಪಂಪಿನದು ದಿನವಿಡೀ ನಡೆಯುವ ನಿಧಾನದ ದುಡಿಮೆ, ಗಜನಿಯ ಕಟ್ಟೆಯನ್ನು ಕಾಯುವಂಥದ್ದು. ಒಂದು ಸಂಕೇತಕ್ಕೆ ದಾಟುವ ಅಯಾನುಗಳು ಎಷ್ಟು ಕಡಿಮೆಯೆಂದರೆ, ಪಂಪನ್ನು ನಿಲ್ಲಿಸಿದ ದಪ್ಪ ನರತಂತುವೊಂದು ಆಮೇಲೂ ಸಾವಿರಾರು ಸಂಕೇತಗಳನ್ನು ಕಳಿಸಬಲ್ಲದು.

ಮೂರನೆಯ ವಾಕ್ಯದಲ್ಲಿಯೂ ಇದೇ ದೋಷ: ‘ಇದು ವಿಜ್ಞಾನಿಗಳಿಂದ ಕಂಡುಹಿಡಿಯಲ್ಪಟ್ಟಿದೆ.’ ಕಾರವಾರದ ಮೀನುಪೇಟೆಯಲ್ಲಿ ಮಾಣ್ಕಿ ಎಂದೂ ದಕ್ಷಿಣಕ್ಕೆ ಹೋದಂತೆ ಬೊಂಡಾಸ್ ಎಂದೂ ಕರೆಯುವ ಸ್ಕ್ವಿಡ್ ಎಂಬ ಕಡಲಜೀವಿಯ ಅಟ್ಲಾಂಟಿಕ್ ಬಂಧುವಿನಲ್ಲಿ ಬರಿಗಣ್ಣಿಗೆ ಕಾಣುವ, ಅರ್ಧ ಮಿಲಿಮೀಟರಿನಷ್ಟು ದಪ್ಪದ ನರತಂತುವಿದೆ. ಬ್ರಿಟಿಷ್ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅದರೊಳಗೆ ಸಪೂರ ಎಲೆಕ್ಟ್ರೋಡನ್ನು ತೂರಿಸಿ, ಒಳಭಾಗವು ಸಂಕೇತದ ಹೊತ್ತಿನಲ್ಲಿ ಸೊನ್ನೆಗೆ ಬಂದು ನಿಲ್ಲದೆ ಧನಕ್ಕೆ ದಾಟುವುದನ್ನು ಕಂಡರು. ನಡುವೆ ಯುದ್ಧ ಬಂದು, 1952ರಲ್ಲಿ ಪೂರ್ಣ ವಿವರಣೆ ಕೊಟ್ಟು, 1963ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಎಕ್ಲ್ಸ್ ಜೊತೆ ನೊಬೆಲ್ ಪಡೆದರು. ಮೀನುಪೇಟೆ ಕಂಡ ನಿಮ್ಮ ಓದುಗರಿಗೆ ಇದನ್ನು ಹೇಳದೆ ಬಿಡುವುದು ಸರಿಯಲ್ಲ.

ಎರಡನೆಯ ಪುಟವನ್ನು ಈ ದೃಷ್ಟಿಯಿಂದ ಪೂರ್ತಿ ಹೊಸದಾಗಿ ಬರೆದು ಕಳಿಸಿ. ಎರಡು ನರಕೋಶಗಳ ನಡುವಿನ ಸಂದಿನ ವಿಷಯ ಸದ್ಯಕ್ಕೆ ಬೇಡ, ಅದು ಇನ್ನೊಂದು ಲೇಖನವಾಗಲಿ. ಆ ಜಾಗದಲ್ಲಿ, ಸಕ್ಕರೆ ಕಾಯಿಲೆಯಲ್ಲಿ ಉದ್ದನೆಯ ನರತಂತುಗಳು ತುದಿಯಿಂದ ಕೆಡುತ್ತಾ ಬರುವುದರಿಂದಲೇ ಮೊದಲು ಪಾದ ಮರಗಟ್ಟುತ್ತದೆ ಎಂಬುದನ್ನು ಬರೆಯಿರಿ. ಅಜ್ಜಿಯನ್ನು ಮೊದಲ ಪುಟದಲ್ಲೇ ಬಿಟ್ಟು ಮುಂದೆ ಹೋಗಿದ್ದೀರಿ. ಅವರ ಗಾಯ ಮಾಗಿತೇ ಎಂಬುದೂ ಲೇಖನದಲ್ಲಿಲ್ಲ. ಉತ್ತರ ಬರೆಯುವಾಗ ಅದನ್ನು ಮರೆಯದೆ ತಿಳಿಸಿ.