ಶುಕ್ರವಾರ ರಾತ್ರಿ ಹೊರಡಬೇಡ ತಮ್ಮಾ

ತಮ್ಮಾ, ನೀನು ಕೇಳಿದ್ದು ಎರಡು. ಪುಣೆಗೆ ಬಂದು ಮೂರು ತಿಂಗಳಾಯ್ತು, ಇಲ್ಲಿನ ಬದುಕು ನಮ್ಮವರಿಗೆ ಒಗ್ಗುತ್ತಾ ಅನ್ನುವುದು ಒಂದು. ಎರಡು ವಾರಕ್ಕೊಮ್ಮೆ ಹಿಂಜವಡಿಯಲ್ಲಿ ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಒಬ್ಬನೇ ಕಾರಿನಲ್ಲಿ ದಾವಣಗೆರೆಗೆ ಹೊರಟು, ಭಾನುವಾರ ರಾತ್ರಿ ವಾಪಸ್ ಬರಬೇಕು ಅಂತಿದ್ದೀನಿ, ದಾರಿಯಲ್ಲಿ ನಿದ್ದೆ ಬರದ ಹಾಗೆ ನೀವೆಲ್ಲ ಏನು ಮಾಡ್ತೀರಿ ಅಣ್ಣಾ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಒಗ್ಗುತ್ತದೆ. ನಾನು ಹಾವೇರಿ ಕಡೆಯವನು, ಚಿಂಚವಡದ ಕಾರ್ಖಾನೆ ಕೆಲಸಕ್ಕೆ ಅಂತ ಬಂದು ಹತ್ತೊಂಬತ್ತು ವರ್ಷವಾಯ್ತು. ತಪ್ಪುತಪ್ಪಾಗಿ ಆದರೂ ಮರಾಠಿ ಮಾತಾಡು, ಯಾರೂ ನಗುವುದಿಲ್ಲ. ಹಿಂದಿಯಲ್ಲೇ ಕಾಲ ತಳ್ಳಿದರೆ ಮಾತ್ರ ಹತ್ತು ವರ್ಷ ಆದರೂ ಹೊರಗಿನವನೇ. ನಮ್ಮ ಜೋಳದ ರೊಟ್ಟಿ ಇಲ್ಲಿ ಭಾಕರಿ, ಹೆಸರಷ್ಟೇ ಬೇರೆ. ಗಣೇಶನಗರದ ಕನ್ನಡ ಸಂಘದ ಕಡೆ ಒಂದು ಸಲ ಹೋಗಿ ಬಾ. ಬಾಡಿಗೆ, ಟ್ರಾಫಿಕ್ಕು, ಮಳೆ, ಇವೆಲ್ಲ ನಿನಗೇ ಗೊತ್ತಾಗುತ್ತಾ ಹೋಗುತ್ತದೆ.

ಆದರೆ ನಿನ್ನ ಎರಡನೇ ಪ್ರಶ್ನೆ ಓದಿ ಹೊಟ್ಟೆಯಲ್ಲಿ ಏನೋ ಆಯ್ತು. ಯಾಕೆಂದರೆ ಅದು ನನ್ನದೇ ಹಳೆಯ ಟೈಮ್ ಟೇಬಲ್ಲು. ದುಬೈಗೆ ಹೋದವನು ವರ್ಷಕ್ಕೊಮ್ಮೆ ಊರು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಾನೆ. ಪುಣೆಗೆ ಬಂದವರಿಗೆ ಹಾಗಲ್ಲ. ನಮಗೆ ಊರು ಒಂದು ರಾತ್ರಿಯ ದೂರ. ಒಂದೇ ರಸ್ತೆ, ಮನೆಯಿಂದ ಮನೆಗೆ, ಸುಮಾರು 580 ಕಿಲೋಮೀಟರ್, ಹತ್ತು ಗಂಟೆ. ರಾತ್ರಿ ಹೊರಟರೆ ಬೆಳಗ್ಗೆ ಅಮ್ಮನ ಕೈ ದೋಸೆ. ಆ ಆಸೆ ನನಗೆ ಅರ್ಥವಾಗುತ್ತದೆ.

ಆದರೆ ನೀನು ಲೆಕ್ಕ ಶುರು ಮಾಡುತ್ತಿರುವುದು ಒಂಬತ್ತು ಗಂಟೆಯಿಂದ. ನಿನ್ನ ತಲೆ ಲೆಕ್ಕ ಶುರು ಮಾಡಿರುವುದು ಬೆಳಗ್ಗೆ ಆರೂವರೆಗೆ, ಅಲಾರಾಂ ಹೊಡೆದಾಗ. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಅನ್ನುವ, ನಿದ್ದೆ ತರಿಸುವ ವಸ್ತು ಸೇರುತ್ತಾ ಹೋಗುತ್ತದೆ, ನಿದ್ದೆ ಮಾಡಿದರೆ ಮಾತ್ರ ಅದು ಇಳಿಯುವುದು. ಹದಿನೇಳು ಗಂಟೆ ಎಚ್ಚರ ಇದ್ದವನ ಕೈ ಕಣ್ಣು ಎಷ್ಟು ನಿಧಾನ ಆಗುತ್ತದೆ ಅಂತ 1997ರಲ್ಲೇ ಆಸ್ಟ್ರೇಲಿಯಾದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ರಕ್ತದಲ್ಲಿ ಶೇ. 0.05ರಷ್ಟು ಆಲ್ಕೋಹಾಲ್ ಇದ್ದವನಷ್ಟು. ನಮ್ಮ ದೇಶದಲ್ಲಿ ಗಾಡಿ ಓಡಿಸುವವನಿಗೆ ಇರುವ ಮಿತಿ ಶೇ. 0.03. ಈಗ ನಿನ್ನ ಲೆಕ್ಕ ಹಾಕು. ಆರೂವರೆಗೆ ಎದ್ದವನಿಗೆ ಹದಿನೇಳು ಗಂಟೆ ತುಂಬುವುದು ರಾತ್ರಿ ಹನ್ನೊಂದೂವರೆಗೆ. ಆಗ ನೀನು ಇನ್ನೂ ಸಾತಾರದ ಹತ್ತಿರ ಇರುತ್ತೀಯ. ಕುಡಿದು ಗಾಡಿ ಓಡಿಸಬೇಡ ಅಂದರೆ ‘ಛೇ, ನಾನು ಮುಟ್ಟೋದೇ ಇಲ್ಲ ಅಣ್ಣಾ’ ಅನ್ನುತ್ತೀಯ. ಮುಟ್ಟದೇನೇ ಆ ಸ್ಥಿತಿಗೆ ಬಂದಿರುತ್ತೀಯ, ಪೊಲೀಸರ ಮಿಷನ್ನಿಗೆ ಗೊತ್ತಾಗುವುದಿಲ್ಲ ಅಷ್ಟೇ. ಇನ್ನೂ ನಾನೂರ ಅರವತ್ತು ಕಿಲೋಮೀಟರ್ ಬಾಕಿ.

ಇದರ ಮೇಲೆ ಮೈಯ ಗಡಿಯಾರ ಬೇರೆ ಇದೆ. ರಾತ್ರಿ ಎರಡರಿಂದ ಬೆಳಗಿನ ಜಾವ ಐದಾರರವರೆಗೆ ಮೈ ತಾನಾಗಿಯೇ ಮಲಗು ಅನ್ನುತ್ತದೆ. ನಿನ್ನ ಪ್ಲಾನ್ ಪ್ರಕಾರ ಆಗ ನೀನು ಬೆಳಗಾವಿ, ಕಿತ್ತೂರು, ಧಾರವಾಡದ ಕಡೆ ಕತ್ತಲಲ್ಲಿ ಒಬ್ಬನೇ.

ನನಗಾದದ್ದು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲಿನ ವಾರ. ಹೀಗೇ ಶುಕ್ರವಾರ ರಾತ್ರಿ. ಕೊಲ್ಹಾಪುರಕ್ಕೆ ಮುಂಚೆ ಕಿಣಿ ಟೋಲ್ ದಾಟಿ ಚಹಾಕ್ಕೆ ನಿಲ್ಲಿಸಿದೆ. ಮೊಬೈಲ್ ತೆಗೆದರೆ ಕರಾಡದ ಹತ್ತಿರದ ತಾಸವಡೆ ಟೋಲಿನಲ್ಲಿ ಫಾಸ್ಟ್ಯಾಗ್ ದುಡ್ಡು ಕಟ್ ಆದ ಮೆಸೇಜು ಇತ್ತು. ನನಗೆ ತಾಸವಡೆ ದಾಟಿದ್ದೇ ನೆನಪಿರಲಿಲ್ಲ. ಗಾಡಿ ನಿಧಾನ ಮಾಡಿದ್ದೀನಿ, ಸಾಲಿನಲ್ಲಿ ನಿಂತಿದ್ದೀನಿ, ಗೇಟು ಎದ್ದ ಮೇಲೆ ಹೊರಟಿದ್ದೀನಿ, ಯಾವುದೂ ತಲೆಯಲ್ಲಿ ಇಲ್ಲ. ಅಲ್ಲೇ ಸೀಟು ಹಿಂದೆ ಮಾಡಿ ಮಲಗಬೇಕಿತ್ತು. ಮಲಗಲಿಲ್ಲ. ಎರಡು ಚಹಾ ಕುಡಿದು, ಮುಖ ತೊಳೆದು, ಈಗ ಸರಿಯಾಯ್ತು ಅಂದುಕೊಂಡು ಹೊರಟೆ.

ಸಂಕೇಶ್ವರ ದಾಟಿದ ಮೇಲೆ ಒಂದು ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೇಲರ್ ತುಂಬಾ ಕಬ್ಬು, ಹಿಂದೆ ಒಂದು ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಪಟ್ಟಿ ಇಲ್ಲ. ನನಗೆ ಕಂಡಾಗ ಸೋಗೆ ಬಾನೆಟ್ ಮೇಲೇ ಇದ್ದ ಹಾಗಿತ್ತು. ಸ್ಟೀರಿಂಗ್ ಎಳೆದೆ. ಡಿವೈಡರಿಗೆ ಉಜ್ಜಿಕೊಂಡು ಹೋಗಿ, ಬಲಗಡೆಯ ಎರಡೂ ಟಯರು ಹರಿದು ನಿಂತೆ. ಟ್ರ್ಯಾಕ್ಟರಿನವನಿಗೆ ಗೊತ್ತೂ ಆಗಲಿಲ್ಲ, ಜೋರಾಗಿ ಹಾಡು ಹಾಕಿಕೊಂಡು ಹೋಗೇ ಬಿಟ್ಟ. ಬೆಳಗಾಗುವ ತನಕ ಅವನನ್ನೇ ಬೈಯುತ್ತಾ ಕೂತಿದ್ದೆ. ಬೆಳಕಾದ ಮೇಲೆ ನೋಡಿದರೆ ರಸ್ತೆ ನೇರವಾಗಿತ್ತು. ಅವನಿಗೆ ದೀಪ ಇಲ್ಲದಿದ್ದರೂ ನನ್ನ ಹೆಡ್‌ಲೈಟಿನ ಬೆಳಕಿಗೆ ಅವನು ಮೊದಲೇ ಕಾಣಬೇಕಿತ್ತು. ಕಾಣಲಿಲ್ಲ ಅಂದರೆ ಕಣ್ಣು ಮುಚ್ಚಿತ್ತು ಅಂತ ಅರ್ಥ. ಮುಚ್ಚಿದ್ದು ನನಗೆ ಗೊತ್ತೇ ಇಲ್ಲ. ಗಂಟೆಗೆ 90ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡು ಕಣ್ಣು ಹತ್ತಿದರೆ ನೂರು ಮೀಟರ್, ಚಾಲಕನೇ ಇಲ್ಲದ ಗಾಡಿ.

ಅದಕ್ಕೇ ನಿದ್ದೆ ಬರದ ಹಾಗೆ ಏನು ಮಾಡ್ತೀರಿ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಗುಟ್ಕಾ, ಸಿಗರೇಟು, ಹಸಿಮೆಣಸಿನಕಾಯಿ ಕಚ್ಚುವುದು (ನಗಬೇಡ, ನಮ್ಮ ಕಾರ್ಖಾನೆಯಲ್ಲಿ ಒಬ್ಬ ಮಾಡುತ್ತಿದ್ದ), ಎಲ್ಲಾ ಐದು ಹತ್ತು ನಿಮಿಷದ ಆಟ. ಗೆಳೆಯನಿಗೆ ಫೋನ್ ಹಚ್ಚಿ ಮಾತಾಡುತ್ತಾ ಹೋಗುವುದು ಇನ್ನೂ ಕೆಟ್ಟದ್ದು, ಇರುವ ಅರ್ಧ ಗಮನವೂ ಮಾತಿಗೆ ಹೋಗುತ್ತದೆ. ಕಾಫಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ಅದು ಅಡಿನೋಸಿನ್ ಕೂರುವ ಜಾಗದಲ್ಲಿ ತಾನು ಕೂತು ಅಡ್ಡ ಹಾಕುತ್ತದೆ. ಆದರೆ ಪೂರ್ತಿ ಹತ್ತುವುದಕ್ಕೆ ಅರ್ಧ ಗಂಟೆ ಬೇಕು, ಕುಡಿದ ತಕ್ಷಣ ಬಂದ ಹುರುಪು ಬರೀ ಕಾಲು ಬೀಸಿ ನಡೆದದ್ದರದು. ನಿಜವಾದ ಉಪಾಯ ಒಂದೇ. ಗಟ್ಟಿ ಕಾಫಿ ಕುಡಿ, ಕುಡಿದ ಕೂಡಲೇ ಇಪ್ಪತ್ತು ನಿಮಿಷಕ್ಕೆ ಅಲಾರಾಂ ಇಟ್ಟು ಕಾರಿನಲ್ಲೇ ಮಲಗು. ಏಳುವ ಹೊತ್ತಿಗೆ ಕಾಫಿಯೂ ಹತ್ತುತ್ತಿರುತ್ತದೆ, ಚೂರು ನಿದ್ದೆಯೂ ಆಗಿರುತ್ತದೆ. ಮುಕ್ಕಾಲು ಗಂಟೆ ಮಲಗಿ ತಕ್ಷಣ ಓಡಿಸಬೇಡ, ಗಾಢ ನಿದ್ದೆಯಿಂದ ಎದ್ದವನಿಗೆ ಸ್ವಲ್ಪ ಹೊತ್ತು ಮಂಪರು ಜಾಸ್ತಿಯೇ ಇರುತ್ತದೆ. ಇಳಿದು ಓಡಾಡಿ, ನೀರು ಕುಡಿದು ಆಮೇಲೆ ಹೊರಡು.

ಮಲಗುವುದು ಎಲ್ಲಿ ಅನ್ನುವುದೂ ಮುಖ್ಯ. ರಸ್ತೆ ಅಂಚಿಗೆ ನಿಲ್ಲಿಸಿ ಮಲಗಬೇಡ, ಹಿಂದಿನಿಂದ ಬರುವವನೂ ನಿನ್ನ ಹಾಗೇ ತೂಕಡಿಸುತ್ತಿರಬಹುದು. ಪೆಟ್ರೋಲ್ ಬಂಕ್, ಬಸ್ಸುಗಳು ನಿಲ್ಲುವ ಹೋಟೆಲ್ ಅಂಗಳ, ಬೆಳಕು ಇರುವ ಕಡೆ. ಇಂಜಿನ್ ಆಫ್ ಮಾಡು, ಡೋರ್ ಲಾಕ್ ಮಾಡು, ಗಾಜು ಒಂದು ಬೆರಳಿನಷ್ಟು ಇಳಿಸು. ಎಸಿ ಹಾಕಿಕೊಂಡು ಇಂಜಿನ್ ಓಡಿಸುತ್ತಾ ಮಲಗಿದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಬಹುದು, ಅದಕ್ಕೆ ವಾಸನೆ ಇಲ್ಲ. ಓಡಿಸುವಾಗಲೂ ಎಸಿಯಲ್ಲಿ ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಇದೆಯಲ್ಲ, ಅದನ್ನು ಗಂಟೆಗಟ್ಟಲೆ ಒತ್ತಿ ಇಡಬೇಡ. ಹೊರಗಿನ ಗಾಳಿ ಬರಲಿ.

ಇನ್ನೊಂದು. ಪುಣೆಯ ಚಳಿಗೆ ನೆಗಡಿ ಬಂದು ನಿದ್ದೆ ತರಿಸುವ ಸೆಟ್ರಿಜಿನ್ ಮಾತ್ರೆ ನುಂಗಿದ ದಿನ ಸ್ಟೀರಿಂಗ್ ಮುಟ್ಟಬೇಡ.

ಆಕಳಿಕೆಗೆ ಕಾಯಬೇಡ. ನನಗೆ ಮೊದಲು ಬರುವುದು ಸಿಟ್ಟು. ಎದುರಿನ ಲಾರಿಯ ಹೈಬೀಮಿಗೆ, ಟೋಲಿನ ಹುಡುಗನಿಗೆ, ಸುಮ್ನೆ ಸಿಟ್ಟು. ಆಮೇಲೆ ಕನ್ನಡಿ ನೋಡುವುದು ನಿಲ್ಲುತ್ತದೆ. ಸ್ಪೀಡು ಒಮ್ಮೆ 70, ಒಮ್ಮೆ 95. ಹಿಂದೆ ಹೋದ ಊರು ಯಾವುದು ಅಂತ ಕೇಳಿಕೊಂಡರೆ ನೆನಪಾಗುವುದಿಲ್ಲ. ಅಷ್ಟಾದರೆ ಮುಂದಿನ ಬೆಳಕು ಕಂಡ ಕಡೆ ನಿಲ್ಲಿಸಲೇಬೇಕು. ಸಮೃದ್ಧಿ ಮಹಾಮಾರ್ಗ ಶುರುವಾದಾಗಿನಿಂದ ಇಲ್ಲಿ ರೋಡ್ ಹಿಪ್ನಾಸಿಸ್ (ಒಂದೇ ಥರದ ರಸ್ತೆ ನೋಡುತ್ತಾ ಕಣ್ಣು ತೆರೆದೇ ಮೈಮರೆಯುವುದು) ಅನ್ನುವ ಮಾತು ಎಲ್ಲರ ಬಾಯಲ್ಲಿದೆ. ಮುಂಬೈಯಿಂದ ನಾಗಪುರಕ್ಕೆ 701 ಕಿಲೋಮೀಟರ್, ತಿರುವು ಕಡಿಮೆ, ಸಿಗ್ನಲ್ ಇಲ್ಲ, ಅಲ್ಲಿ ಹಾಗಾಗುವುದು ಸಹಜ. ನಮ್ಮ ರಸ್ತೆಯಲ್ಲಿ ಡೈವರ್ಷನ್ನು, ಘಾಟು, ಅಡ್ಡ ಬರುವ ಬೈಕು ಎಲ್ಲಾ ಇವೆ, ಆದರೂ ಮಧ್ಯರಾತ್ರಿ ಕರಾಡ ದಾಟಿದ ಮೇಲೆ ನನ್ನ ಕಣ್ಣು ಎಳೆದದ್ದು ಎಳೆದದ್ದೇ.

ಹಾಗಾದರೆ ಊರಿಗೆ ಹೋಗಲೇಬಾರದಾ ಅಂತ ಕೇಳುತ್ತೀಯ. ಹೋಗು. ಶುಕ್ರವಾರ ಬೇಗ ಉಂಡು ಮಲಗಿ, ಶನಿವಾರ ಬೆಳಗ್ಗೆ ಐದಕ್ಕೆ ಹೊರಡು. ಖಂಬಾಟ್ಕಿ ಘಾಟ್ ಹತ್ತುವಾಗ ಬೆಳಕು ಹರಿಯುತ್ತಿರುತ್ತದೆ, ಕಬ್ಬಿನ ಟ್ರ್ಯಾಕ್ಟರು ದೂರದಿಂದಲೇ ಕಾಣುತ್ತದೆ. ಎರಡು ಗಂಟೆಗೊಮ್ಮೆ ಇಳಿ, ಬೇಕು ಅನ್ನಿಸದಿದ್ದರೂ ಇಳಿ. ಕೊಲ್ಹಾಪುರದಲ್ಲಿ ಮಿಸಳ್ ತಿನ್ನು, ಆದರೆ ಮಟನ್ ಊಟ, ತಾಂಬಡಾ ರಸ್ಸಾ ಅಂತೆಲ್ಲ ಕೂರಬೇಡ, ಅದಕ್ಕೆ ಬೇರೆ ದಿನ ಹೋಗೋಣ, ನಾನೂ ಬರುತ್ತೇನೆ. ಹಗಲಿನ ದಾರಿಗೂ ಒಂದು ಗುಂಡಿ ಇದೆ. ಮಧ್ಯಾಹ್ನ ಎರಡರಿಂದ ನಾಲ್ಕು ಮೈ ಮತ್ತೆ ಇಳಿಯುವ ಹೊತ್ತು, ಸರಿಯಾಗಿ ಆಗಲೇ ನೀನು ಹುಬ್ಬಳ್ಳಿ ದಾಟಿ ಹಾವೇರಿ, ರಾಣೆಬೆನ್ನೂರು ಕಡೆ ಇರುತ್ತೀಯ. ರಸ್ತೆ ಚೆನ್ನಾಗಿದೆ, ಬಿಸಿಲು, ಊಟ ಆಗಿದೆ, ಇನ್ನೇನು ಮನೆ. ಹುಬ್ಬಳ್ಳಿಯಲ್ಲಿ ಅರ್ಧ ಹೊಟ್ಟೆ ಉಂಡು, ಇಪ್ಪತ್ತು ನಿಮಿಷ ಮಲಗಿಯೇ ಮುಂದೆ ಹೋಗು.

ಅಮ್ಮನಿಗೆ ಹೊತ್ತು ಹೇಳಬೇಡ. ನಾನು ಮಾಡುತ್ತಿದ್ದ ದೊಡ್ಡ ತಪ್ಪು ಅದೇ. ತಿಂಡಿಗೆ ಬರ್ತೀನಿ ಅನ್ನುತ್ತಿದ್ದೆ, ಅವ್ವ ನಾಲ್ಕಕ್ಕೇ ಎದ್ದು ಬಾಗಿಲಲ್ಲಿ ಕೂರುತ್ತಿದ್ದಳು, ಅವಳು ಕೂತಿದ್ದಾಳೆ ಅಂತ ನಾನು ನಿಲ್ಲಿಸದೇ ಓಡಿಸುತ್ತಿದ್ದೆ. ಈಗ ‘ಸಂಜೆ ಒಳಗೆ ಬರ್ತೀನಿ, ಬೆಳಗಾವಿ ದಾಟಿದ ಮೇಲೆ ನಿಲ್ಲಿಸಿ ಫೋನ್ ಮಾಡ್ತೀನಿ’ ಅಂತಷ್ಟೇ ಹೇಳುತ್ತೇನೆ.

ವಾಪಸ್ ಬರುವುದು ಇನ್ನೂ ಕಷ್ಟದ್ದು. ಊರಲ್ಲಿ ಯಾರೂ ಮಲಗಲು ಬಿಡುವುದಿಲ್ಲ, ಸೋಮವಾರ ಆಫೀಸು. ಈ ರಸ್ತೆಯ ಎರಡು ಕೆಟ್ಟ ಜಾಗ ವಾಪಸ್ ದಾರಿಯ ಕೊನೆಯ ಅರವತ್ತು ಎಪ್ಪತ್ತು ಕಿಲೋಮೀಟರಿನಲ್ಲೇ ಇವೆ. ಖಂಬಾಟ್ಕಿ ಹಳೆಯ ಸುರಂಗದಿಂದ ಹೊರಬಿದ್ದ ಮೇಲಿನ ಎಸ್ ಆಕಾರದ ತಿರುವು ಒಂದು, ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಇಳಿಜಾರು ಇನ್ನೊಂದು. ಆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಲಾರಿ ಹಿಂದಿನಿಂದ ಬಂದರೆ ನೀನು ಪೂರ್ತಿ ಎಚ್ಚರ ಇರಬೇಕು. ಆದ್ದರಿಂದ ಭಾನುವಾರ ಬೆಳಗ್ಗೆ ಆರಕ್ಕೆ ಊರು ಬಿಡು, ಇಲ್ಲ ಸೋಮವಾರ ರಜೆ ಹಾಕು. ಶನಿವಾರ ಸಂಜೆ ಹೋಗಿ ಭಾನುವಾರ ಬೆಳಗ್ಗೆ ಬರುವುದಕ್ಕೆ ಅಷ್ಟು ದೂರ ಯಾಕೆ ಅನ್ನುತ್ತೀಯ, ಸರಿ, ಹಾಗಾದರೆ ಎರಡು ವಾರಕ್ಕೊಮ್ಮೆ ಬೇಡ, ತಿಂಗಳಿಗೊಮ್ಮೆ ಮೂರು ದಿನ ಹೋಗು. ಮಧ್ಯದಲ್ಲಿ ಬೇಕೆನಿಸಿದರೆ ಸ್ಲೀಪರ್ ಬಸ್ಸು ಇದೆ, ಹುಬ್ಬಳ್ಳಿ ತನಕ ವಂದೇ ಭಾರತ್ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದೆ, ದಿನಾ ಓಡಲ್ಲ, ದಿನ ನೋಡಿಕೊಂಡು ಬುಕ್ ಮಾಡು. ಬಸ್ಸು ಲಾರಿ ಓಡಿಸುವ ನೌಕರರಿಗೆ 1961ರ ಕಾನೂನಿನಲ್ಲೇ ದಿನಕ್ಕೆ ಎಂಟು ಗಂಟೆ, ಐದು ಗಂಟೆ ಓಡಿಸಿದರೆ ಅರ್ಧ ಗಂಟೆ ವಿಶ್ರಾಂತಿ ಅಂತ ಇತ್ತು. ಅದು ಎಷ್ಟು ನಡೆಯುತ್ತಿತ್ತು ಅನ್ನುವುದು ಬೇರೆ ಮಾತು. ಅದೇ ಕೆಲಸ ಮಾಡುವವರಿಗೇ ಎಂಟು ಅಂದರೆ, ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂತು ಆಮೇಲೆ ಹತ್ತು ಗಂಟೆ ಓಡಿಸುವ ನಾವು ಯಾವ ಊರಿನ ಪೈಲ್ವಾನರು?

ಹೆದ್ದಾರಿಯಲ್ಲಿ ಏನಾದರೂ ಆದರೆ 1033ಕ್ಕೆ ಫೋನ್ ಮಾಡು, 112 ಹೇಗೂ ಗೊತ್ತಲ್ವಾ.

ಈ ಶನಿವಾರ ಹೊರಡುತ್ತೀಯಾದರೆ ತಿಳಿಸು. ವಾಪಸ್ ಬರುವಾಗ ಎರಡು ಸೇರು ಮಂಡಕ್ಕಿ ತಂದುಕೊಡು. ಇಲ್ಲಿ ಸಿಗುವ ಕುರ್ಮುರಾ ಮಿರ್ಚಿಗೆ ಜೊತೆಯಾಗುವುದಿಲ್ಲ ಅಂತ ನಮ್ಮನೆಯವಳು ಹತ್ತೊಂಬತ್ತು ವರ್ಷದಿಂದ ಹೇಳುತ್ತಲೇ ಇದ್ದಾಳೆ.