ಬಿತ್ತುವ ಮೊದಲೇ ಮಾತು ಕೊಡೋಣ

ವಿಜಯಪುರದ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಇದು: ‘ಸುತ್ತಲಿನ ರೈತರಿಂದಲೇ ಕೊಳ್ಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ರೈತರ ಸಂತೆಗೆ ಹೋದೆ. ಅಲ್ಲಿ ಕುಳಿತವರಲ್ಲಿ ಹಲವರು ನಸುಕಿನಲ್ಲಿ ಸಗಟು ಮಾರುಕಟ್ಟೆಯಿಂದ ಕಾಯಿಪಲ್ಲೆ ತಂದು ಮಾರುವವರು. ಅಂಗಡಿಯ ಜೋಳಕ್ಕೆ ಜಿಗಿ ಇಲ್ಲ, ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತದೆ. ರೈತರನ್ನೇ ಹುಡುಕಿಕೊಂಡು ಹೋದರೆ ಅಡತಿಗೆ (ದಲ್ಲಾಳಿಯ ಅಂಗಡಿಗೆ) ಹಾಕಿಯಾಯಿತು ಎನ್ನುತ್ತಾರೆ. ಸಂಬಳದ ಮೇಲೆ ಬದುಕುವ ನಾವು ಮಾಡುವುದಾದರೂ ಏನು?’

ಪ್ರಿಯ ಸಹೋದರಿ,

ಮೊದಲನೆಯದಾಗಿ, ಕಾಯಿಪಲ್ಲೆಯಿಂದ ಶುರು ಮಾಡಬೇಡಿ. ಬದನೆ, ಮೆಂತ್ಯ, ಟೊಮೆಟೊ ಸಂಜೆಯೊಳಗೆ ಮಾರಬೇಕಾದ ಮಾಲು. ದಿನವಿಡೀ ಸಂತೆಯಲ್ಲಿ ಕುಳಿತರೆ ಹೊಲದ ಕೆಲಸ ಕೆಡುತ್ತದೆ, ಹಾಗಾಗಿ ಅಲ್ಲಿ ವ್ಯಾಪಾರಿಯೇ ಬಂದು ಕೂರುತ್ತಾನೆ. ಕೆಡದ ಮಾಲಿನಿಂದ ಶುರು ಮಾಡಿ. ನಮ್ಮ ಜಿಲ್ಲೆಯಲ್ಲಿ ಅದು ಬಿಳಿಜೋಳ.

ರೈತರು ‘ಅಡತಿಗೆ ಹಾಕಿಯಾಯಿತು’ ಎಂದ ಮಾತಿನ ಹಿಂದೆ ದೊಡ್ಡ ಲೆಕ್ಕವಿದೆ. ಬೀಜ ಗೊಬ್ಬರಕ್ಕೆ, ಮಗಳ ಮದುವೆಗೆ, ರಾತ್ರೋರಾತ್ರಿ ಎದುರಾಗುವ ಆಸ್ಪತ್ರೆಯ ಖರ್ಚಿಗೆ ಅನೇಕರಿಗೆ ಕೈಗಡ ಸಿಗುವುದು ಅಡತಿ ಅಂಗಡಿಯಲ್ಲಿ. ಆ ಋಣ ತೀರಬೇಕಾದರೆ ರಾಶಿ ಅಲ್ಲಿಗೇ ಹೋಗಬೇಕು. ಅದೂ ಎಲ್ಲರ ಮಾಲು ಒಮ್ಮೆಲೇ ಬಂದು ದರ ಕುಸಿಯುವ ಸುಗ್ಗಿಯ ದಿನಗಳಲ್ಲಿ. ದಲ್ಲಾಳಿಯನ್ನು ಬೈಯುವುದು ಸುಲಭ, ನಮ್ಮ ಪತ್ರಿಕೆಗಳಲ್ಲಿ ಅದು ಬೇಕಾದಷ್ಟು ನಡೆದಿದೆ. ಆದರೆ ಅಡಚಣೆಗೆ ದುಡ್ಡು ಕೊಡುವವರು ಅವರು, ಮಾಲು ಎಷ್ಟೇ ಇರಲಿ ಕೊಳ್ಳುವವರೂ ಅವರು. ಊಟ ಮಾಡುವ ನಾವು ಎರಡನ್ನೂ ಕೊಡುವುದಿಲ್ಲ. ಎಳ್ಳಮಾವಾಸ್ಯೆಗೆ ನೆಂಟರ ಹೊಲಕ್ಕೆ ಹೋಗಿ ಭೂತಾಯಿಗೆ ಚರಗದ ಎಡೆ ಚೆಲ್ಲಿ, ಉಂಡು ಬರುತ್ತೇವೆ. ಜೋಳ ಮಾತ್ರ ಅಂಗಡಿಯಿಂದ ಹತ್ತು ಕಿಲೋ, ಹತ್ತು ಕಿಲೋ ತರುತ್ತೇವೆ.

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುತ್ತಿದ್ದ, ಡೋಣಿ ಹೊಳೆಯ ನಾಡು ಇದು. ಹಿಂಗಾರಿ ಜೋಳವನ್ನು ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ. ಆಮೇಲೆ ಮಳೆ ಬಾರದಿದ್ದರೂ ಎರಿ (ಕಪ್ಪು) ಮಣ್ಣು ಹಿಡಿದಿಟ್ಟುಕೊಂಡ ಹಸಿಯ ಮೇಲೆಯೇ ಬೆಳೆ ಎದ್ದು ನಿಲ್ಲುತ್ತದೆ. ಹೊಲದ ಅಂಚಿಗೆ ಕುಸುಬಿ ಸಾಲು ಹಾಕುತ್ತಾರೆ. ಅದರ ಮುಳ್ಳಿಗೆ ಹೆದರಿ ದನ ಜೋಳಕ್ಕೆ ಬಾಯಿ ಹಾಕುವುದಿಲ್ಲ. ಅದರ ಕಾಳೇ ಗಾಣಕ್ಕೆ ಹೋಗಿ ಮನೆಗೆ ಎಣ್ಣೆಯಾಗುತ್ತದೆ. ಕೊಯ್ಲು ಎಂದರೆ ಇಲ್ಲಿ ಕುಡುಗೋಲಿನ ಕೆಲಸವೂ ಅಲ್ಲ. ಆಳೆತ್ತರದ ದಂಟನ್ನು ಬಗ್ಗಿ ಹಿಡಿದು ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ಸಾಲಾಗಿ ಮಲಗಿಸಿ, ಆಮೇಲೆ ತೆನೆ ಮುರಿದು ಕಣಕ್ಕೆ ಹೊರುತ್ತಾರೆ. ಸಂಜೆಗೆ ಅಂಗೈ ಕೆಂಪಾಗಿರುತ್ತದೆ. ಈ ಕೀಳುವ ಕೆಲಸಕ್ಕೆ ಈಗ ಆಳು ಸಿಗುವುದು ಕಷ್ಟ. ಅದಕ್ಕೇ ಬಹಳ ರೈತರು ಕಡಲೆಗೆ, ತೊಗರಿಗೆ ಹೊರಳಿದ್ದಾರೆ; ಕಾಲುವೆಯ ನೀರು ಬಂದಲ್ಲಿ ಕಬ್ಬಿಗೆ. ಜೋಳ ಹೋದರೆ ದನಕ್ಕೆ ಹಾಕುವ ಒಣ ದಂಟು, ಕಣಿಕೆ, ಹೋಯಿತು, ಕಣಿಕೆ ಇಲ್ಲದ ಮನೆಯಲ್ಲಿ ದನ ನಿಲ್ಲುವುದಿಲ್ಲ, ದನವಿಲ್ಲದ ಹೊಲಕ್ಕೆ ಗೊಬ್ಬರದ ಚೀಲವೇ ಗತಿ. ನಿಮ್ಮ ರೊಟ್ಟಿಯ ಅಂಚು ಒಡೆಯುವುದನ್ನು ನಾನು ಸಣ್ಣ ದೂರೆಂದು ತಿಳಿದಿಲ್ಲ.

ಈಗ ಸಂಬಳದವರು ಮಾಡಬಹುದಾದ ಲೆಕ್ಕ. ದಿನಕ್ಕೆ ಒಂದು ಕಿಲೋ ಜೋಳ ಖರ್ಚಾಗುವ ಮನೆಗೆ ವರ್ಷಕ್ಕೆ ಮೂರೂವರೆ ಕ್ವಿಂಟಲ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಇಪ್ಪತ್ತು ಮನೆ ಸೇರಿದರೆ 73 ಕ್ವಿಂಟಲ್. ಮಳೆಯನ್ನೇ ನಂಬಿದ ಹೊಲದಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಎಂದು ಹಿಡಿದರೂ ಹದಿನೈದರಿಂದ ಹದಿನೆಂಟು ಎಕರೆಯ ಬೆಳೆಗೆ ಗಿರಾಕಿ ಸಿಕ್ಕಂತಾಯಿತು. ಅಂದರೆ ಮೂರು ನಾಲ್ಕು ಸಣ್ಣ ಹಿಡುವಳಿಯ ಕುಟುಂಬಗಳು. ಒಂದು ಶಾಲೆಯ ಶಿಕ್ಷಕರು, ಅವರ ನೆರೆಹೊರೆಯವರು ಸೇರಿದರೆ ಇಪ್ಪತ್ತು ಮನೆ ದೊಡ್ಡ ಸಂಖ್ಯೆಯಲ್ಲ.

ಆದರೆ ಸುಗ್ಗಿಯಲ್ಲಿ ಚೀಲ ಹಿಡಿದು ಹೋದರೆ ನಿಮಗೆ ಮತ್ತೆ ಅದೇ ಉತ್ತರ ಸಿಗುತ್ತದೆ. ಹೋಗಬೇಕಾದದ್ದು ಬಿತ್ತನೆಯ ಮುಂಚೆ. ಎಷ್ಟು ಮನೆ, ಎಷ್ಟು ಕ್ವಿಂಟಲ್, ಏನು ದರ ಎಂಬುದನ್ನು ಆಗಲೇ ಮಾತಾಡಿ, ಒಂದು ಪಾಲು ಮುಂಗಡ ಕೊಡಬೇಕು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಮಾಲ್ದಂಡಿ ತಳಿಯ ಬಿಳಿಜೋಳಕ್ಕೆ ಕ್ವಿಂಟಲ್‌ಗೆ 3,749 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಮಾತು ಆಯಾ ವರ್ಷದ ಬೆಂಬಲ ಬೆಲೆಯಿಂದ ಮೇಲಕ್ಕೆ ಹೋಗಬೇಕೇ ಹೊರತು ಕೆಳಗಿಳಿಯಬಾರದು. ನೇರವಾಗಿ ಕೊಳ್ಳುತ್ತೇವೆ, ಅದಕ್ಕೇ ಅಗ್ಗಕ್ಕೆ ಕೊಡಿ ಎನ್ನುವ ಚೌಕಾಸಿ ನನಗೆ ಒಪ್ಪಿಗೆಯಿಲ್ಲ. ಸ್ವಚ್ಛಗೊಳಿಸುವುದು, ಚೀಲ, ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ ಇವೆಲ್ಲ ಇದ್ದೇ ಇರುತ್ತವೆ. ಅವು ಯಾರ ಪಾಲಿಗೆ ಎಂಬುದೂ ಅದೇ ದಿನ ಇತ್ಯರ್ಥವಾಗಲಿ.

ಇಡುವುದೆಲ್ಲಿ ಎಂದು ಕೇಳುತ್ತೀರಿ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಬಾಡಿಗೆ ಮನೆಯಲ್ಲಿ ಅದಾಗದು. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಒಣಗಿದ ಬೇವಿನ ಸೊಪ್ಪು ಬೆರೆಸಿ ತಗಡಿನ ಡಬ್ಬಿಯಲ್ಲಿ ತುಂಬಿದರೆ ಕಾಳು ಉಳಿಯುತ್ತದೆ. ಜಾಗವಿಲ್ಲದವರು ಎರಡು ಮೂರು ಕಂತಿನಲ್ಲಿ ತರಿಸಿಕೊಳ್ಳಲಿ. ಗಿರಣಿಗೆ ಮಾತ್ರ ವಾರಕ್ಕಾಗುವಷ್ಟೇ ಹಾಕಿಸಿ, ಜೋಳದ ಹಿಟ್ಟು ಹಳತಾದರೆ ಕಹಿಯಾಗುತ್ತದೆ.

ಮನೆಗಳಿಗಿಂತ ದೊಡ್ಡ ಗಿರಾಕಿಗಳು ನಮ್ಮ ಖಾನಾವಳಿಗಳು, ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳೆಯರ ಸಂಘಗಳು. ಅವರಿಗೆ ವರ್ಷವಿಡೀ ಒಂದೇ ಗುಣದ ಜೋಳ ಬೇಕು. ಜೊತೆಗೆ ಶೇಂಗಾ, ಅಗಸಿ, ಗುರೆಳ್ಳು ಬೇಕು. ಒಂದು ಖಾನಾವಳಿ ಒಂದು ಊರಿನೊಂದಿಗೆ ಹೀಗೆ ಕರಾರು ಮಾಡಿಕೊಂಡರೆ ಮುಖ್ಯ ಬೆಳೆಯ ನಡುವೆ ಬಿತ್ತುವ ಅಕ್ಕಡಿ ಸಾಲುಗಳೂ ಮರಳಿ ಬರುತ್ತವೆ ಎಂಬುದು ನನ್ನ ನಂಬಿಕೆ. ಇದು ಆಗದ ಮಾತೆಂದು ಯಾರೂ ಹೇಳಬೇಕಿಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದು 1905ರಲ್ಲಿ ಹುಟ್ಟಿದ್ದು ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಅಂದು ಬೆಳೆಯುವವರು ಕೂಡಿಕೊಂಡರು. ಈಗ ಉಣ್ಣುವವರು ಅವರೊಂದಿಗೆ ಕೂಡಬೇಕಾಗಿದೆ.

ಇನ್ನೊಂದು ಷರತ್ತು, ಇದನ್ನು ಒಪ್ಪದಿದ್ದರೆ ಉಳಿದದ್ದನ್ನೆಲ್ಲ ಬಿಟ್ಟುಬಿಡಿ. ಮಳೆ ಕೈಕೊಟ್ಟ ವರ್ಷ ಮುಂಗಡವನ್ನು ಮರಳಿ ಕೇಳಬಾರದು, ಮುಂದಿನ ಸುಗ್ಗಿಗೆ ಜಮಾ ಹಿಡಿಯಬೇಕು. ಇಪ್ಪತ್ತು ಮನೆಗೆ ಹಂಚಿದರೆ ಆ ನಷ್ಟ ಹಗುರ, ಒಂದೇ ಮನೆಯ ಮೇಲೆ ಬಿದ್ದರೆ ಹೊಲ ಒತ್ತೆ ಬೀಳುತ್ತದೆ. ಬರವನ್ನು ಹಂಚಿಕೊಳ್ಳದವರು ಅಡತಿಯವರಿಗಿಂತ ಒಳ್ಳೆಯ ಗಿರಾಕಿಗಳಾಗಲಾರರು.

ಬಿತ್ತನೆಗೆ ಕಾಯುವ ಹಸ್ತ ಮಳೆಗೆ ಇನ್ನೂ ದಿನಗಳಿವೆ. ಶಾಲೆಯಲ್ಲಿ ಸಹೋದ್ಯೋಗಿಗಳ ಮುಂದೆ ಈ ಮಾತು ತೆಗೆಯಿರಿ. ಒಪ್ಪಿದ ಮನೆಗಳ ಪಟ್ಟಿಯಾದ ಮೇಲೆ ನಮಗೆ ಬರೆಯಿರಿ. ಡೋಣಿ ಸಾಲಿನ ಊರುಗಳಲ್ಲಿ ನಮ್ಮ ಪತ್ರಿಕೆ ಓದುವ ರೈತರಿದ್ದಾರೆ. ದರ ಮಾತಾಡುವ ದಿನ ನಾನೂ ನಿಮ್ಮೊಂದಿಗೆ ಬರುತ್ತೇನೆ.

– ಸಂಪಾದಕ